ತಗಡಿನ ಮುಖ

ಜನವರಿ ೬, ಶಿರಸಿ

ಇವತ್ತು ಬಾಗಿಲಿಗೆ ಬೋರ್ಡು ಹೊಡೆದೆ. ‘ನವೀನ ಕೆ., ಚಿತ್ರ ಕಲಾವಿದ. ಭಾವಚಿತ್ರಗಳನ್ನು ಬರೆದುಕೊಡಲಾಗುವುದು.’ ಅಕ್ಷರ ಚೆನ್ನಾಗಿ ಬಂದಿದೆ. ಕೋಣೆಗೆ ಪಶ್ಚಿಮದ ಕಡೆ ಒಂದೇ ಕಿಟಕಿ, ಕೆಳಗೆ ಹಿಟ್ಟಿನ ಗಿರಣಿ. ಗಿರಣಿ ಶುರುವಾದರೆ ನೆಲ ನಡುಗುತ್ತದೆ, ನೆಲದ ಜೊತೆ ಕುಂಚವೂ. ನಡುಗಲಿ. ಬಿಳಗಿಯ ಮನೆಯಲ್ಲಿ ಇರುವುದಕ್ಕಿಂತ ಸಾವಿರ ಪಾಲು ಮೇಲು.

ಯಾಕೆ ಬಿಟ್ಟು ಬಂದೆ ಎಂಬುದನ್ನು ಬರೆದಿಟ್ಟುಬಿಡುತ್ತೇನೆ. ಇಲ್ಲದಿದ್ದರೆ ಸಿಟ್ಟು ಆರಿಹೋಗುತ್ತದೆ. ಧಾರವಾಡದಲ್ಲಿ ಕಲಿಯುವಾಗ ಕೊನೆಯ ವರ್ಷ ಒಂದು ದೊಡ್ಡ ಚಿತ್ರ ಬರೆದೆ, ಗದ್ದೆಯಲ್ಲಿ ಸಸಿ ನೆಡುವ ಹೆಂಗಸರದ್ದು. ಊರಿಗೆ ತಂದು ಅಟ್ಟದ ಮೇಲಿಟ್ಟಿದ್ದೆ. ದೀಪಾವಳಿಗೆ ಹೋದರೆ ಅದು ಕೋಳಿಗೂಡಿನ ಮೇಲಿತ್ತು. ಮೂಲೆ ಮೂಲೆಗೆ ಮೊಳೆ. ಬಣ್ಣದ ಮೈ ಕೆಳಗೆ, ಕೋಳಿಗಳು ನೋಡಿಕೊಂಡಿರಲಿ ಎಂಬಂತೆ.

“ಚಲೋ ಬಟ್ಟೆ ಮಾರಾಯ. ಇಡೀ ಮಳೆಗಾಲ ಒಂದು ಹನಿ ಇಳೀಲಿಲ್ಲ,” ಎಂದ ಅಪ್ಪ.

ನಾನು ಕೂಗಾಡಿದೆ. ಅಪ್ಪನಿಗೂ ಸಿಟ್ಟು ಬಂತು. ಹಿಂದೊಮ್ಮೆ ಎತ್ತು ಹಾಯ್ದು ಅಪ್ಪನ ಎಡಹುಬ್ಬು ನಡುವೆ ಸೀಳಿಹೋಗಿದೆ. ಸಿಟ್ಟು ಬಂದರೆ ಆ ಹುಬ್ಬಿನ ಹೊರಗಿನ ತುಂಡು ಮಾತ್ರ ಮೇಲೇರುತ್ತದೆ. ಮುಂದಿನ ಹಲ್ಲೊಂದು ಹೋದದ್ದೂ ಎತ್ತು ಹಾಯ್ದ ಆ ದಿನವೇ. ಆ ಸಂದಿಯಿಂದ ಉಗುಳು ಹಾರಿಸಿಕೊಂಡು ಕೇಳಿದ: “ಎಂತಕ್ಕೆ ಬತ್ತದೆ ಇದು? ಹೇಳು. ಎಂತಕ್ಕೆ ಬತ್ತದೆ?”

ಅವತ್ತಿನಿಂದ ಮಾತಿಲ್ಲ. ಹುಡುಗನಾಗಿದ್ದಾಗಿನಿಂದ ಈ ಮನುಷ್ಯನಿಗೆ, ಒಂದೇ ಒಂದು ಸಲ ನನ್ನೆದುರು ಕೂತುಕೋ, ಬರೆಯುತ್ತೇನೆ ಎಂದು ಗೋಗರೆದಿದ್ದೇನೆ. “ನನ್ನ ಮೊಕದಾಗೆ ಎಂತ ಐತೆ ಬರೆಯೂಕೆ?” ಎಂದು ಕತ್ತಿ ಹಿಡಿದು ಹೊರಟೇ ಬಿಡುತ್ತಿದ್ದ. ಇನ್ನು ಕೇಳುವುದಿಲ್ಲ. ಕೂರುವವರು ಬೇರೆ ಇದ್ದಾರೆ.

ಜನವರಿ ೧೯

ಇದ್ದಾರೆ! ಉಮ್ಮಚಗಿಯ ಕಮಲಾಕರ ಹೆಗಡೆಯವರು. ಹಾಸ್ಟೆಲ್ಲಿನ ಗೆಳೆಯ ಕಿಶೋರನ ಅಪ್ಪ. ಅವರಿಗೆ ಅರವತ್ತು ತುಂಬುವ ಶಾಂತಿ ಮುಂದಿನ ತಿಂಗಳು. ಬಂದವರೆಲ್ಲ ನೋಡುವ ಹಾಗೆ ಚಾವಡಿಯಲ್ಲಿ ಒಂದು ಭಾವಚಿತ್ರ ಇರಬೇಕಂತೆ. ಯಲ್ಲಾಪುರದ ಬಸ್ಸಿನಲ್ಲಿ ಕ್ಯಾನ್ವಾಸು ಹಿಡಿದು ನಿಂತೇ ಹೋದೆ. ಕಂಡಕ್ಟರು ಅದಕ್ಕೂ ಟಿಕೆಟ್ ಹರಿದ.

ಹೆಗಡೆಯವರ ಮುಖ ಬರೆಯುವುದು ಸುಲಭ. ತುಂಬಿದ ಕೆನ್ನೆ, ಸಣ್ಣ ಕಣ್ಣು, ಚಿನ್ನದ ಬಣ್ಣದ ಕನ್ನಡಕ, ಸಾಲಾಗಿ ಕಟ್ಟಿಸಿಕೊಂಡ ಹಲ್ಲು. ಅಲುಗಾಡದೆ ಕೂರುತ್ತಾರೆ. “ತಮ್ಮಾ, ಸ್ವಲ್ಪ ಬೆಳ್ಳಗೇ ಬರಲಿ,” ಎಂದು ನಗುತ್ತಾರೆ. ಅವರ ಹೆಂಡತಿ ಸುಬ್ಬಲಕ್ಷ್ಮಿಯವರು ಅವಲಕ್ಕಿ, ಕಷಾಯ ಕೊಟ್ಟರು. ನನಗೆ ಜಗುಲಿಯ ತುದಿಯಲ್ಲಿ. ಪರವಾಗಿಲ್ಲ, ಅಲ್ಲಿ ಬೆಳಕು ಚೆನ್ನಾಗಿತ್ತು.

ಇದೊಂದು ಸರಿಯಾಗಿ ಬಂದರೆ ಶಾಂತಿಗೆ ಬಂದ ನೆಂಟರಲ್ಲಿ ನಾಲ್ಕು ಜನ ತಮಗೂ ಬೇಕೆಂದು ಹೇಳಿಯೇ ಹೇಳುತ್ತಾರೆ. ಊರಿಗೆ ಸುದ್ದಿ ಹೋಗುತ್ತದೆ. ಎಂತಕ್ಕೆ ಬರುತ್ತದೆ ಎಂದು ಅಪ್ಪನಿಗೂ ಗೊತ್ತಾಗುತ್ತದೆ.

ಫೆಬ್ರುವರಿ ೨

ಬೇಡವಂತೆ.

ಚಿತ್ರಕ್ಕೆ ಹೊದೆಸಿದ್ದ ಪಂಚೆ ತೆಗೆದಾಗ ಹೆಗಡೆಯವರು ಕನ್ನಡಕ ಒರೆಸಿಕೊಂಡು ನೋಡಿದರು. ಆಮೇಲೆ ಹೆಂಡತಿಯನ್ನು ಕರೆದರು.

“ನೋಡೇ, ಇವ ಆನನಾ?” ಇದು ನಾನೇನಾ ಎಂದು.

“ಹೋಲ್ತು ಹೋಲ್ತು,” ಎಂದರು ಸುಬ್ಬಲಕ್ಷ್ಮಿಯವರು. ಸೆರಗಿನಿಂದ ಕೈ ಒರೆಸಿಕೊಂಡು ಹತ್ತಿರ ಬಂದರು. “ಆದ್ರೆ ಕಣ್ಣಿಗೆ ಜೀವ ಇಲ್ಲೆ. ಹೋದವರ ಫೋಟೋ ಹಾಂಗೆ ಕಾಣ್ತು. ಶಾಂತಿ ದಿನ ಇದ್ನ ಇಡೂದು ಬ್ಯಾಡ.”

ಹೆಗಡೆಯವರು ನನ್ನ ಭುಜ ತಟ್ಟಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. “ಬೇಜಾರಾಗಬೇಡ ತಮ್ಮಾ. ಕಿಶೋರ ಒಂದು ಫೋಟೋ ತೆಗೆದಿದ್ದಾನೆ, ಅದನ್ನೇ ಫ್ಲೆಕ್ಸ್ ಮಾಡಿಸ್ತೇವೆ. ನಿನ್ನ ದುಡ್ಡು ಕೊಡ್ತೇನೆ.” ಕೊಟ್ಟರು. ಚಿತ್ರವನ್ನೂ ನನಗೇ ಕೊಟ್ಟರು. ಬರುವಾಗ ಕಂಡಕ್ಟರು ಅದಕ್ಕೆ ಟಿಕೆಟ್ ಕೇಳಲಿಲ್ಲ.

ಕಣ್ಣಿಗೆ ಜೀವ ಇಲ್ಲ. ಧಾರವಾಡದಲ್ಲಿ ಮೇಷ್ಟ್ರು ಹೇಳಿದ್ದೂ ಇದನ್ನೇ. “ಕೈ ಐತಿ ನವೀನಾ, ಆದ್ರ ನೀ ಯಾರ ಮುಖಾನೂ ಮನಸ್ಸಿಟ್ಟು ನೋಡಿಲ್ಲ.” ಸುಡಲಿ ಎಲ್ಲರನ್ನೂ.

ಫೆಬ್ರುವರಿ ೪

ಯಾರೂ ಬರಲಿಲ್ಲ. ಗಿರಣಿ, ಗಿರಣಿ, ಗಿರಣಿ.

ಫೆಬ್ರುವರಿ ೧೧

ಸಿಮೆಂಟು, ಕಬ್ಬಿಣದ ಅಂಗಡಿಯ ರವೀಂದ್ರಣ್ಣ ಕರೆಸಿದ್ದ. ಹಾನಗಲ್ ಕಡೆಯವನು, ಮಾತು ಜೋರು.

“ಬರ್ರಿ ಬರ್ರಿ, ಕಲಾವಿದ್ರು! ಮನಿ ಕಟ್ಟೋರೆಲ್ಲ ದೃಷ್ಟಿಗೊಂಬಿ ಕೇಳ್ತಾರ್ರೀ. ಫ್ಲೆಕ್ಸಿಂದು ಹಚ್ಚಿದ್ರ ಬಿಸಿಲಿಗೆ ಬೆಳ್ಳಗಾಗಿ ಸತ್ತೇ ಹೋಗ್ತಾವ. ತಗಡು ನಾ ಕತ್ತರಿಸಿ ಕೊಡ್ತೀನಿ, ನೀವು ಎಣ್ಣಿಬಣ್ಣದಾಗ ಒಂದು ಮುಖ ಬರೀರಿ. ನೋಡಿದ್ರ ಎದಿ ಝಲ್ ಅನ್ನಬೇಕು, ಅಷ್ಟ.”

ಕಟ್ಟುತ್ತಿರುವ ಮನೆಯ ಮುಂದೆ, ಬಿದಿರಿನ ತುದಿಗೆ, ಹಳೆ ಚಪ್ಪಲಿ, ಬೂದುಗುಂಬಳದ ಪಕ್ಕ ನೇತಾಡುವ ರಾಕ್ಷಸನ ಮುಖ. ಕಲಿತದ್ದು ಇದಕ್ಕೆ. ಒಪ್ಪಿಕೊಂಡೆ.

ಫೆಬ್ರುವರಿ ೨೦

ಮೊದಲಿನ ತಗಡುಗಳೆಲ್ಲ ಹಾಳು. ಕೋರೆಹಲ್ಲು, ಕೆಂಪು ನಾಲಿಗೆ, ಮೀಸೆ ಎಲ್ಲ ಇತ್ತು, ಆದರೆ ನೋಡಿದರೆ ನಗು ಬರುತ್ತಿತ್ತು. ರವೀಂದ್ರಣ್ಣ ಬಾಯಿಬಿಟ್ಟು ನಕ್ಕೇಬಿಟ್ಟ.

ಇವತ್ತು ಕಮಲಾಕರ ಹೆಗಡೆಯವರನ್ನು ನೆನೆಸಿಕೊಂಡು ಕೂತೆ. ಭುಜ ತಟ್ಟಿದ್ದು, ಜಗುಲಿಯ ತುದಿ, ‘ಜೀವ ಇಲ್ಲೆ’ ಎಂದದ್ದು. ಇರಲಿ, ನಿಮ್ಮನ್ನೇ ಊರೂರಿನಲ್ಲಿ ನೇತುಹಾಕುತ್ತೇನೆ ಎಂದುಕೊಂಡೆ. ಕೈ ತಾನಾಗಿ ಓಡಿತು. ತುಂಬಿದ ಕೆನ್ನೆ ಸರಿಹೋಗಲಿಲ್ಲ, ಒಳಕ್ಕೆ ಕುಳಿ ತೆಗೆದೆ. ಕನ್ನಡಕ ಬೇಡವಾಯಿತು. ಎಡಹುಬ್ಬನ್ನು ನಡುವೆ ತುಂಡು ಮಾಡಿ ಹೊರಗಿನ ತುಂಡನ್ನು ಮೇಲೆತ್ತಿದೆ; ಮುಖಕ್ಕೆ ಸಿಟ್ಟು ತಟ್ಟನೆ ಬಂದುಬಿಟ್ಟಿತು. ಕೋರೆಗಳ ನಡುವೆ ಒಂದು ಹಲ್ಲಿನ ಜಾಗ ಖಾಲಿ ಬಿಟ್ಟೆ. ಯಾಕೋ ಅದರಿಂದ ಬಾಯಿ ಇನ್ನೂ ದೊಡ್ಡದಾಗಿ ಕಂಡಿತು. ಕೊನೆಗೆ ಕಣ್ಣು. ಎರಡು ಸಲ ಕುಂಚ ಆಡಿಸಿದ್ದಷ್ಟೇ.

ಅದು ನನ್ನನ್ನೇ ನೋಡುತ್ತಿತ್ತು. ಎದ್ದು ಗೋಡೆಯ ಕಡೆ ತಿರುಗಿಸಿಟ್ಟು ಊಟಕ್ಕೆ ಹೋದೆ.

ಹೆಗಡೆಯವರೇ, ಈಗ ಹೇಳಿ, ಜೀವ ಇದೆಯೋ ಇಲ್ಲವೋ?

ಮಾರ್ಚ್ ೮

ಹೋದಲ್ಲೆಲ್ಲ ನನ್ನ ಮುಖ. ಸೋಂದಾ ರಸ್ತೆಯ ಹೊಸ ಮನೆಗೆ, ಸಿದ್ದಾಪುರದಲ್ಲಿ ಕಟ್ಟುತ್ತಿರುವ ಅಂಗಡಿ ಸಾಲಿಗೆ, ಯಲ್ಲಾಪುರದ ಒಂದು ಕಾಂಪೌಂಡಿಗೆ. ರವೀಂದ್ರಣ್ಣ ತಗಡು ಕತ್ತರಿಸಿ ಪೂರೈಸಲಾರದೆ ಬೆವರುತ್ತಿದ್ದಾನೆ. ಒಬ್ಬ ಹೆಂಗಸು ಸೋಂದಾ ರಸ್ತೆಯಲ್ಲಿ ಮಗುವಿನ ಕಣ್ಣು ಮುಚ್ಚಿಕೊಂಡು ಹೋಗುತ್ತಾಳಂತೆ. ಇದಕ್ಕಿಂತ ದೊಡ್ಡ ಮೆಚ್ಚುಗೆ ಯಾವ ಪ್ರದರ್ಶನದಲ್ಲಿ ಸಿಕ್ಕೀತು?

ಒಂದೊಂದರಲ್ಲೂ ಮುಖ ಪಕ್ವವಾಗುತ್ತಿದೆ. ಮೊನ್ನೆ ಕಿವಿಯ ತೂತನ್ನು ಹರಿದು ಜೋತಾಡುವಂತೆ ಮಾಡಿದೆ. ನಿನ್ನೆ ಹಣೆಗೆ ಅಡ್ಡ, ಮುಂಡಾಸು ಕಟ್ಟಿ ಕಟ್ಟಿ ಬಿದ್ದ ಗೆರೆಯ ಹಾಗೆ ಒಂದು ಗೆರೆ ಎಳೆದೆ. ಹೆಗಡೆಯವರ ಮೇಲಿನ ಸಿಟ್ಟು ಬತ್ತುವ ಹಾಗೇ ಇಲ್ಲ.

ಮಾರ್ಚ್ ೧೭

ಮನೆ ಮಾಲೀಕರ ಮಗಳು ಭೂಮಿಕಾ ಕಾಲೇಜಿನಿಂದ ಬಂದವಳು ಒಂದು ಚಿತ್ರ ತೋರಿಸಿದಳು. ಪೆನ್ಸಿಲ್ಲಿನಲ್ಲಿ ಮರ, ನವಿಲು. “ಹೆಂಗಿದೆ ಅಣ್ಣಾ?” ಎಂದಳು. ನನ್ನ ಕುಂಚದಲ್ಲಿ ಬಣ್ಣ ಒಣಗುತ್ತಿತ್ತು. “ಎಂತಕ್ಕೆ ಬರುತ್ತದೆ ಇದು?” ಎಂದೆ. ಹಾಳೆ ಸುತ್ತಿಕೊಂಡು ಹೋಗಿಬಿಟ್ಟಳು. ಈಗಿನವರಿಗೆ ಒಂದು ನಿಜ ಹೇಳುವ ಹಾಗಿಲ್ಲ.

ಸಂಜೆ ತಂಗಿ ಸೌಮ್ಯಳ ಫೋನು. ಅಪ್ಪ ಮನೆಗೆ ಒಂದು ಕೋಣೆ ಸೇರಿಸಿ ಕಟ್ಟಿಸುತ್ತಿದ್ದಾನಂತೆ.

“ಭತ್ತದ ಚೀಲಕ್ಕಿರಬೇಕು,” ಎಂದೆ.

“ಕೇಳಿದ್ರೆ ಅಪ್ಪನೂ ಹಂಗೇ ಹೇಳ್ತದೆ,” ಎಂದಳು. “ನೀನೊಂದ್ಸಲ ಬಂದು ಹೋಗಾ, ಅಣ್ಣಾ.”

ಕೆಲಸವಿದೆ ಎಂದೆ. ಇದ್ದದ್ದೂ ಹೌದು.

ಏಪ್ರಿಲ್ ೫

ಎಂಥಾ ಬಿಸಿಲು! ಮಧ್ಯಾಹ್ನದಿಂದ ಕಿಟಕಿಯ ಹತ್ತಿರ ಕೂರುವಂತಿಲ್ಲ, ತಗಡಿನ ಬಣ್ಣ ಹಸಿಯಿರುವಾಗಲೇ ಬಿರಿಯುತ್ತದೆ. ಹೆಗಡೆಯವರು ಬೇಡವೆಂದ ಚಿತ್ರ ಮೂಲೆಯಲ್ಲಿ ಸುಮ್ಮನೆ ಬಿದ್ದಿತ್ತು. ಚೌಕಟ್ಟಿನಿಂದ ಬಿಚ್ಚಿ ಕಿಟಕಿಗೆ ಅಡ್ಡ ಮೊಳೆ ಹೊಡೆದೆ. ಗಟ್ಟಿ ಬಟ್ಟೆ, ಒಂದು ಕಿರಣ ಒಳಗೆ ಬರುವುದಿಲ್ಲ. ಒಳ್ಳೆಯ ಉಪಾಯ. ಮೊದಲೇ ಹೊಳೆಯಬೇಕಿತ್ತು.

ಏಪ್ರಿಲ್ ೧೨

ಇವತ್ತಿನ ತಮಾಷೆ ಕೇಳಬೇಕು. ಅಂಗಡಿಯ ಹಿಂದೆ ತಗಡು ಆರಿಸುತ್ತಿದ್ದೆ, ಮುಂದೆ ಕಾರು ನಿಂತಿತು. ಹೆಗಡೆ ದಂಪತಿಗಳು! ಎದುರಿಗೇ ಅವರ ಮುಖ ಸಾಲಾಗಿ ನೇತಾಡುತ್ತಿದೆ. ಈಗ ರಂಪ ಆಗುತ್ತದೆ ಎಂದುಕೊಂಡು ಪೈಪಿನ ರಾಶಿಯ ಹಿಂದೆ ಕೂತೆ.

“ನೋಡೇ,” ಎಂದರು ಹೆಗಡೆಯವರು, “ಈ ಕಣ್ಣಿಗೆ ಎಂತಾ ಜೀವ ಇದ್ದು!”

“ಅಬ್ಬ, ಹೆದರಿಕೆ ಆಗ್ತು,” ಎಂದರು ಸುಬ್ಬಲಕ್ಷ್ಮಿಯವರು. “ಇದ್ನೇ ತಗಳಿ. ಹೊಸ ಗೋದಾಮಿಗೆ ಆತು.”

ತೆಗೆದುಕೊಂಡು ಹೋದರು! ತಮ್ಮ ಮುಖವನ್ನು ತಾವೇ ದುಡ್ಡು ಕೊಟ್ಟು ಕೊಂಡು ಡಿಕ್ಕಿಯಲ್ಲಿಟ್ಟುಕೊಂಡು ಹೋದರು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಹೇಳಲು ಮಾತ್ರ ಯಾರೂ ಇರಲಿಲ್ಲ. ಕನ್ನಡಿಯಲ್ಲಿ ದಿನಾ ನೋಡುವ ಮುಖವೂ ಗುರುತು ಸಿಗದ ಕುರುಡರು, ನನ್ನ ಚಿತ್ರಕ್ಕೆ ಜೀವ ಇಲ್ಲ ಎಂದವರು ಇವರೇ.

ಏಪ್ರಿಲ್ ೨೪

ಸೌಮ್ಯ ಮತ್ತೆ ಫೋನು ಮಾಡಿದ್ದಳು. ಅಪ್ಪ ಹೋದ ವಾರ ಶಿರಸಿಗೆ ಬಂದು ಹೊಸ ಕೋಣೆಗೆ ಒಂದು ಬೆರ್ಚಪ್ಪ ತಂದು ಕಟ್ಟಿದ್ದಾನಂತೆ. ಗದ್ದೆಯಲ್ಲಿ ನಿಲ್ಲಿಸುವ ಬೆದರುಗೊಂಬೆಗೂ ಮನೆಗೆ ಕಟ್ಟುವ ದೃಷ್ಟಿಗೊಂಬೆಗೂ ನಮ್ಮಲ್ಲಿ ಅದೊಂದೇ ಹೆಸರು.

“ಎಂಥದು, ತಗಡಿಂದಾ?” ಎಂದೆ.

“ಹ್ಞೂಂ,” ಎಂದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. “ನೀನೇ ಬಂದು ನೋಡು. ಬೇಗ ಬಾ.”

ನನ್ನದೇ ತಗಡು, ನನಗೇ ಗೊತ್ತು. ಕೋಳಿಗೂಡಿಗೆ ಹೊಡೆದವನು ಈಗ ದುಡ್ಡು ಕೊಟ್ಟು ಕೊಂಡಿದ್ದಾನೆ. ಹೋಗುತ್ತೇನೆ. ಯಾರು ಬರೆದದ್ದು ಎಂದು ಕೇಳಲಿ, ಎಂತಕ್ಕೆ ಬರುತ್ತದೆ ಎಂದು ನಾನೇ ಕೇಳುತ್ತೇನೆ. ಆ ಮಾತನ್ನು ಹೇಗೆ ಹೇಳಬೇಕು ಎಂದು ಬಸ್ಸಿನ ತುಂಬ ಯೋಚಿಸಬಹುದು.

ಮೇ ೧, ಮನೆಯಲ್ಲಿ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ರಸ್ತೆಯಿಂದಲೇ ಕಂಡಿತು. ಮನೆಯ ಬಡಗು ಬದಿಗೆ ಚಿರೆಕಲ್ಲಿನ ಹೊಸ ಗೋಡೆ, ಅದರ ಮುಂದೆ ಗಳದ ತುದಿಗೆ ನನ್ನ ತಗಡು. ದೂರದಿಂದಲೂ ಕಣ್ಣು ಹಿಡಿದು ನಿಲ್ಲಿಸುವಂತಿತ್ತು. ಭಲೇ ಎಂದುಕೊಂಡೆ. ಅಷ್ಟರಲ್ಲಿ ಅದರ ಕೆಳಗಿನಿಂದ ಮರಳಿನ ಬುಟ್ಟಿ ಹೊತ್ತು ಅಪ್ಪ ಹೊರಗೆ ಬಂದ. ಬಿಸಿಲಿಗೆ ಮುಖ ಕಿವುಚಿ, ಯಾರು ಬಂದದ್ದು ಎಂದು ನೋಡಿದ.

ಎರಡು ಮುಖ ಒಟ್ಟಿಗೆ ಕಂಡವು, ಮೇಲೊಂದು ಕೆಳಗೊಂದು. ಒಂದಕ್ಕೆ ಕೋರೆಹಲ್ಲು ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಅಷ್ಟೇ.

“ಬಂದ್ಯಾ?” ಎಂದ ಅಪ್ಪ, ನಡುವೆ ಏನೂ ಆಗಿಲ್ಲದವನ ಹಾಗೆ. “ಶಿರಸಿಗೆ ಬಂದಾಗ ನಿನ್ನ ರೂಮಿನ ಹತ್ರನೂ ಬಂದಿದ್ದೆ. ಬೋರ್ಡು ನೋಡ್ದೆ. ಬಾಗ್ಲು ಹಾಕಿತ್ತು. ಕಿಟಕಿಗೆ ಬಟ್ಟೆ ಹೊಡ್ದಿಯಲ್ಲ, ಬಿಸಿಲು ತಡೀತದಾ?”

ತಡೆಯುತ್ತದೆ ಎಂದೆ.

“ಹಾಂಗೇ ಪ್ಯಾಟೆಯಾಗೆ ಇದ್ನ ತಗಂಡೆ. ನೋಡು.” ಅಪ್ಪ ತಗಡಿನ ಕಡೆ ಕೈ ತೋರಿಸಿದ. “ಬ್ಯಾರೆ ಎಷ್ಟೋ ಇದ್ವು. ಇದು ಮಾತ್ರ ಕಣ್ಣಾಗೆ ಕೂತ್ಕಂಡ್ತು. ಎಂತಾ ಮೊಕ ಅಂತೀಯ! ಯಾವನು ಬರ್ದಾನೋ, ಕೈ ಇರೋನು. ಹಿಂಗೆ ಬರೆದ್ರೆ ಬರೆದಾಂಗೆ.”

ಇಪ್ಪತ್ತೈದು ವರ್ಷ ಕಾದ ಮಾತು. ಬಂತು. ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು. ಅಪ್ಪನಿಗೆ ಕನ್ನಡಿ ನೋಡುವ ಅಭ್ಯಾಸವೇ ಇಲ್ಲ. ಕ್ಷೌರಕ್ಕೆ ಕೂತರೂ ಕಣ್ಣು ಮುಚ್ಚಿ ನಿದ್ದೆ ಹೊಡೆಯುತ್ತಾನೆ.

ಅವ್ವ ನೀರು ತಂದುಕೊಟ್ಟಳು. “ಕೋಣೆ ನಿಂಗೇ ಅಂತೆ. ಬಡಗು ಬದಿಗೆ ದೊಡ್ಡ ಕಿಟಕಿ ಇಡ್ಸಿದಾನೆ. ಬಣ್ಣ ಬರೆಯೋರಿಗೆ ಆ ಬೆಳಕೇ ಆಗಬೇಕಂತೆ, ಯಾರನ್ನೋ ಕೇಳ್ಕಂಡು ಬಂದಾನೆ.”

“ಭತ್ತಾನೂ ಇಡಬಹುದು,” ಎಂದ ಅಪ್ಪ.

ಗೋಡೆಯ ಮೇಲಿದ್ದ ಮೇಸ್ತ್ರಿ ಗಿರೀಶ ಕರಣೆ ಕೆಳಗಿಟ್ಟು ನಕ್ಕ. ಆಳುಗಳೂ ನಗಲು ತಯಾರಾಗಿ ನಿಂತಿದ್ದರು. “ಕೆರಿಯಪ್ಪಣ್ಣ, ಕಟ್ಟಿದ ದಿನದಿಂದ ಹೇಳಬಾರದು ಅಂತಿದ್ವಿ. ಮಗನೂ ಬಂದ, ಇನ್ನು ಹೇಳ್ದೇ ಆಗೂದಿಲ್ಲ. ಅದು ನಿನ್ನ ಮೊಕನೇ ಅಲ್ದನಾ? ಹುಬ್ಬು ನೋಡು, ಹಲ್ಲು ನೋಡು, ಕಿವಿ ನೋಡು!”

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ನಗುತ್ತಲೇ ಕೈ ಹುಬ್ಬಿಗೆ ಹೋಯಿತು, ಆಮೇಲೆ ಕಿವಿಗೆ. ತಗಡಿನ ಕಡೆ ನೋಡಿದ. ಆಮೇಲೆ ನನ್ನ ಕೈ ನೋಡಿದ. ಉಗುರಿನ ಸಂದಿಯಲ್ಲಿ ಕೆಂಪು ಬಣ್ಣವಿತ್ತು, ನಾಲಿಗೆಗೆ ಹಚ್ಚುವ ಕೆಂಪು. ಎಷ್ಟು ಸೀಮೆಎಣ್ಣೆ ಹಾಕಿ ತಿಕ್ಕಿದರೂ ಅದು ಹೋಗುವುದಿಲ್ಲ.

“ನೀನನಾ?” ಎಂದ.

ಹೌದೆಂದು ತಲೆ ಆಡಿಸಿದೆ. ಅಪ್ಪ ಬುಟ್ಟಿ ಎತ್ತಿಕೊಂಡು ಮರಳಿಗೆ ಹೋದ.

ಮೇ ೨

ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಏಣಿ ಹಾಕಿದೆ. ಬಿಚ್ಚಲು ಕೈ ಚಾಚಿದಾಗ ಕೆಳಗಿನಿಂದ ಅಪ್ಪನ ದನಿ.

“ಮುಟ್ಟಬ್ಯಾಡ. ಕಟ್ಟಿದ ಮ್ಯಾಲೆ ಹಾಲು ಉಕ್ಕೂವರೆಗೆ ಇಳ್ಸೂಕೆ ಬರೂದಿಲ್ಲ. ಮ್ಯಾಲೆ ಹತ್ತಿ ಕೆಲಸ ಮಾಡೋರಿದಾರೆ. ಹೆಚ್ಚುಕಮ್ಮಿ ಆದ್ರೆ?”

ಇಳಿದೆ. ಇಬ್ಬರೂ ಅದರ ಕೆಳಗೆ ನಿಂತೆವು.

“ನಾನು ಹಿಂಗೆ ಕಾಣ್ತೀನಾ ನಿಂಗೆ?” ಎಂದ ಅಪ್ಪ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಗೊತ್ತಾಗುತ್ತದೆ.

“ನಿನ್ನ ಮುಖ ಅಲ್ಲ ಅಪ್ಪಾ. ಉಮ್ಮಚಗಿಯ ಒಬ್ಬ ಹೆಗಡೆಯವರನ್ನ ನೆನೆಸಿ ಬರೆದದ್ದು. ದೇವರಾಣೆಗೂ.”

ಅಪ್ಪ ಮತ್ತೊಮ್ಮೆ ತಗಡಿನ ಹುಬ್ಬು ನೋಡಿದ. “ಅವ್ರಿಗೂ ಎತ್ತು ಹಾಯ್ದಿತ್ತನಾ?” ಎಂದು ಕೇಳಿದ.

ಮಧ್ಯಾಹ್ನದ ಬಸ್ಸಿಗೆ ಹೊರಟುಬಂದೆ.

ಮೇ ೯, ಶಿರಸಿ

ಮಳೆ ಹಿಡಿಯುವ ಮೊದಲು ಇನ್ನೊಂದು ರಾಶಿ ಬೇಕಂತೆ ರವೀಂದ್ರಣ್ಣನಿಗೆ. ಬೇರೆ ಮುಖ ಬರೆದುಕೊಂಡು ಹೋದೆ. ದುಂಡು ಮುಖ, ಉಬ್ಬಿದ ಕಣ್ಣು, ಪೂರ್ತಿ ಹುಬ್ಬು, ಪೂರ್ತಿ ಹಲ್ಲು.

“ಇವನ್ಯಾರ್ರೀ, ಸಾಲಿ ಮಾಸ್ತರನ?” ಎಂದ. “ಆ ಹಳೇ ಮುಖಾನ ಬರೀರಿ ಸುಮ್ನ. ಅದರಾಗ ಜೀವ ಐತಿ.”

ಆಗುವುದಿಲ್ಲ ಎಂದೆ. ಅವನ ಅಂಗಡಿಯಲ್ಲಿ ಉಳಿದಿದ್ದ ತಗಡುಗಳನ್ನು ನಾನೇ ಕೊಂಡು ತಂದು ಮಂಚದ ಕೆಳಗೆ ತಳ್ಳಿದ್ದೇನೆ. ಊರೂರಿನಲ್ಲಿ ನೇತಾಡುತ್ತಿರುವುದನ್ನು ಏನು ಮಾಡಲಿ? ನಿನ್ನೆ ಸೋಂದಾ ರಸ್ತೆಯಲ್ಲಿ ತಲೆ ತಗ್ಗಿಸಿಕೊಂಡು ಹೋದೆ.

ಸೌಮ್ಯ ಹೇಳಿದಳು: ಊರಿನ ಮಕ್ಕಳು ಅಪ್ಪನನ್ನು ಕಂಡರೆ “ಬೆರ್ಚಪ್ಪ ಬಂತು” ಎಂದು ಓಡುತ್ತಾರಂತೆ. ಅಪ್ಪ ಈಗ ಮಾತಾಡುವಾಗ ಬಾಯಿಗೆ ಟವೆಲ್ಲು ಅಡ್ಡ ಹಿಡಿಯುತ್ತಾನಂತೆ.

ಮೇ ೨೩, ಮನೆಯಲ್ಲಿ

ಇವತ್ತು ಹೊಸ ಕೋಣೆಯಲ್ಲಿ ಹಾಲುಕ್ಕಿಸಿದರು. ಹಾಲು ಉಕ್ಕಿದ ಕೂಡಲೇ ಅಪ್ಪ ತಾನೇ ಏಣಿ ಹತ್ತಿ ತಗಡು ಇಳಿಸಿದ. ಇಳಿಸಿದ್ದನ್ನು ಮನೆಯೊಳಗೆ ತರುವಂತಿಲ್ಲ. ಗೋಣಿಯಲ್ಲಿ ಸುತ್ತಿ ಹೊಳೆಗೆ ಬಿಟ್ಟುಬಂದ. ನಾನೂ ಬರುತ್ತೇನೆಂದರೆ ಬೇಡವೆಂದ.

ಬಂದವನು ಸ್ನಾನ ಮಾಡಿ, ತಲೆಗೆ ಎಣ್ಣೆ ಹಚ್ಚಿ ಬಾಚಿ, ಮದುವೆಮನೆಗೆ ಹೋಗುವ ಬಿಳಿ ಅಂಗಿ ಹಾಕಿಕೊಂಡು ಬಡಗು ಕಿಟಕಿಯ ಹತ್ತಿರ ಕುರ್ಚಿ ಎಳೆದು ಕೂತ.

“ಬರಿ,” ಎಂದ.

ನಾನು ಹಾಳೆ ತೆಗೆದೆ. ಬೆಳಕು ಎಷ್ಟು ಚೆನ್ನಾಗಿತ್ತು! ಅಪ್ಪ ಸೀಳಿದ ಹುಬ್ಬು ಕಾಣದ ಹಾಗೆ ಮುಖ ತಿರುಗಿಸಿದ್ದ. ತುಟಿ ಗಟ್ಟಿಯಾಗಿ ಮುಚ್ಚಿದ್ದ. ಕೈ ಎರಡೂ ಮೊಣಕಾಲ ಮೇಲೆ, ತಹಸೀಲ್ದಾರರ ಮುಂದೆ ಕೂತವನ ಹಾಗೆ.

“ಹಿಂಗೆ ಕೂತ್ರೆ ಆತನಾ?” ಎಂದ, ತುಟಿ ಪೂರ್ತಿ ತೆರೆಯದೆ. “ಆ ಕೋರೆಹಲ್ಲು ಹಚ್ಚೂದಾದ್ರೆ ಮೊದ್ಲೇ ಹೇಳು.”

“ಹಚ್ಚೋದಿಲ್ಲ ಅಪ್ಪಾ.”

“ಹಚ್ಚಿದ್ರೂ ಅಡ್ಡಿಲ್ಲ. ಹೇಳಿ ಹಚ್ಚು.”

ಈ ಕಡೆ ತಿರುಗು, ನಗು, ಬೈಯಿ, ಏನಾದರೂ ಮಾಡು ಎಂದು ಹೇಳಬೇಕೆಂದುಕೊಂಡೆ. ಹೇಳದೆ ಕುಂಚ ಅದ್ದಿದೆ. ಕಂಡಷ್ಟನ್ನು ಬರೆದೆ. ಒಬ್ಬ ಮುದುಕ, ಬಾಚಿದ ತಲೆ, ಮುಚ್ಚಿದ ಬಾಯಿ. ಹೋಲಿಕೆ ಇತ್ತು. ಕಣ್ಣಿಗೆ ಜೀವ ಇರಲಿಲ್ಲ. ನನ್ನ ಕೈ ಗಾಳಿಯಲ್ಲಿ ಎದ್ದಾಗಲೆಲ್ಲ ಅಪ್ಪನ ಕಣ್ಣು ಪಿಳಿಪಿಳಿ ಮಾಡುತ್ತಿತ್ತು. ಅಪ್ಪ ನನಗೆ ಹೆದರುತ್ತಾನೆ.

ಹಾಳೆ ತೋರಿಸಿದೆ. ಸರಿಯಾಗಿ ನೋಡುವ ಮೊದಲೇ “ಚಲೋ ಐತೆ, ಬಾಳ ಚಲೋ ಐತೆ,” ಎಂದ. ತಾನೇ ಮೊಳೆ ಹುಡುಕಿ ತಂದು ಹೊಸ ಗೋಡೆಗೆ ಹೊಡೆದ, ಬಣ್ಣದ ಮೈ ಈ ಕಡೆಗೆ.

ಎಂತಕ್ಕೆ ಬತ್ತದೆ ಇದು ಎಂದು ಅಪ್ಪ ಕೇಳಲಿಲ್ಲ. ಕೇಳಲಿ ಎಂದು ಬಹಳ ಹೊತ್ತು ಅಲ್ಲೇ ನಿಂತಿದ್ದೆ.